ಬಾಂದು ಕಲ್ಲು ಎಲ್ಲಿ?

2012ರ ಜನವರಿಯಲ್ಲಿ ನಮ್ಮ ಎಸ್.ಎಂ. ಕೃಷ್ಣ ವಿದೇಶಾಂಗ ಸಚಿವರಾಗಿ ಇಸ್ರೇಲ್‌ಗೂ ಹೋದ್ರು, ಪ್ಯಾಲೆಸ್ಟೈನ್‌ಗೂ ಹೋದ್ರು. ಅಲ್ಲಿ ಅಪರಾಧಿಗಳ ಹಸ್ತಾಂತರ ಒಪ್ಪಂದಕ್ಕೆ ಸಹಿ. ಇಲ್ಲಿ, ಪೂರ್ವ ಜೆರುಸಲೇಂ ರಾಜಧಾನಿಯಾಗಿರೋ ಸ್ವತಂತ್ರ ರಾಷ್ಟ್ರಕ್ಕೆ ಬೆಂಬಲ. ಎರಡು ದೋಣಿ ಮೇಲೆ ಕಾಲು ಅನ್ನೋರು ಅನ್ನಲಿ, ನನಗೆ ಆ ಮಾತಲ್ಲಿ ತೂಕ ಕಾಣುತ್ತೆ. ನಮ್ಮ ನ್ಯಾಮತಿ ಕಡೆ ಬದುವಿನ ಜಗಳಕ್ಕೆ ಕೂತ ಹಿರಿಯರು ‘ಇಬ್ರೂ ಚೆನ್ನಾಗಿರ್ರಪ್ಪಾ’ ಅಂತ ಟವೆಲ್ ಕೊಡವಿ ಎದ್ದರೆ ಜಗಳ ಮುಗಿಯಲ್ಲ. ಬಾಂದು ಕಲ್ಲು ಎಲ್ಲಿ ಅಂತ ತೋರಿಸಬೇಕು. ಕೃಷ್ಣ ಜಾಗದ ಹೆಸರು ಹೇಳಿದ್ರು. ಆದರೆ ವೆಸ್ಟ್ ಬ್ಯಾಂಕಿನಲ್ಲಿ ಯಹೂದಿ ವಸಾಹತುಗಳು ಬೆಳೀತಾ ಕಲ್ಲು ಸರೀತಾನೇ ಇತ್ತು. ಅದನ್ನ ನಿಲ್ಲಿಸಿ ಅನ್ನೋ ಷರತ್ತು ಮಾತ್ರ ಆ ಒಪ್ಪಂದಕ್ಕೆ ಅಂಟಲಿಲ್ಲ. 2017ರ ಮೇನಲ್ಲಿ ಅಬ್ಬಾಸ್ ದೆಹಲಿಗೆ ಬಂದಾಗ ಮೋದಿಯವರ ಹೇಳಿಕೆಯಲ್ಲಿ ಪೂರ್ವ ಜೆರುಸಲೇಂ ಹೆಸರೇ ಇರಲಿಲ್ಲ.