ಉತ್ಖನನದ ದಫ್ತರ ಅಂಗೈಯಲ್ಲಿ

ಬೆಳಗಾವಿಯ ವಡಗಾಂವ–ಮಾಧವಪುರದ ನೆಲದಡಿ ಶಾತವಾಹನರ ಕಾಲದ ಪಟ್ಟಣವೊಂದಿದೆ. 1970ರ ದಶಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಡಾ. ಅ. ಸುಂದರ ಇಲ್ಲಿ ಉತ್ಖನನ ನಡೆಸಿದರು. ಆಗ ದಾಖಲಾತಿ ಎಂದರೆ ನೋಟ್‌ಬುಕ್, ಗ್ರಾಫ್ ಹಾಳೆ, ಅಳತೆ ಟೇಪು. ಒಮ್ಮೆ ಅಗೆದ ಪದರ ಮತ್ತೆ ಸಿಗದು, ಬರೆದಿಟ್ಟಷ್ಟೇ ಉಳಿಯುತ್ತದೆ. ಅದಕ್ಕೇ ಸ್ಥಳದಲ್ಲೇ ದಾಖಲೆ ತುಂಬಿಕೊಳ್ಳುವ ಕ್ಯೂಫೀಲ್ಡ್ ಎಂಬ ಉಚಿತ ಆ್ಯಪ್ ಮನಸ್ಸು ಗೆಲ್ಲುತ್ತದೆ.

2002ರಲ್ಲಿ ಶುರುವಾದ ಮುಕ್ತ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನ ಮೊಬೈಲ್ ಒಡನಾಡಿ ಇದು. ಕಂಪ್ಯೂಟರಿನಲ್ಲಿ ನಕ್ಷೆ, ಫಾರಂ ಸಿದ್ಧಪಡಿಸಿ ಫೋನಿಗೆ ಹಾಕಿಕೊಂಡರೆ ಆಮೇಲೆ ನೆಟ್‌ವರ್ಕ್ ಬೇಕಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಂಚಿನಲ್ಲಿ ಇದು ಸಣ್ಣ ಮಾತಲ್ಲ.

ಆ ತಾಲೂಕಿನ, ಕದಂಬರ ಹಲಸಿಯನ್ನೇ ತೆಗೆದುಕೊಳ್ಳಿ. ಭೂವರಾಹ ನರಸಿಂಹ ದೇವಾಲಯದ ಆ ಊರಿನ ಬದಿಯಲ್ಲೊಂದು ವೀರಗಲ್ಲು ಕಂಡಿತು ಎನ್ನಿ. ತೆರೆಯ ಮೇಲೆ ಬೆರಳಿಟ್ಟರೆ ನಕ್ಷೆಯಲ್ಲಿ ಬಿಂದು ಮೂಡಿ ಫಾರಂ ತೆರೆದುಕೊಳ್ಳುತ್ತದೆ: ಯಾವ ಕಲ್ಲು, ಎಷ್ಟು ಎತ್ತರ, ಪಟ್ಟಿಕೆಗಳೆಷ್ಟು, ಮುಖ ಯಾವ ದಿಕ್ಕಿಗೆ, ಅಕ್ಷರ ಸವೆದಿದೆಯೇ. ಪ್ರಶ್ನೆ, ಉತ್ತರ ಎರಡೂ ಕನ್ನಡದಲ್ಲೇ ಇರಬಹುದು. ಎತ್ತರ ತುಂಬದೆ ಮುಂದೆ ಹೋಗಗೊಡದಂತೆ ಮೊದಲೇ ಕಟ್ಟು ಹಾಕಬಹುದು. ಫೋಟೊ ಆ ಕಲ್ಲಿನ ದಾಖಲೆಗೇ ಅಂಟಿಕೊಳ್ಳುತ್ತದೆ. ಸಂಜೆ ಕೂತು ಯಾವ ಚಿತ್ರ ಯಾವುದರದ್ದೆಂದು ತಡಕಾಡಬೇಕಿಲ್ಲ. ಈ ಒಂದು ಸೌಕರ್ಯಕ್ಕಾದರೂ ಕ್ಷೇತ್ರಕಾರ್ಯದವರು ಇದನ್ನು ಕಲಿಯಬೇಕು.

ಮಿತಿಯೂ ಇದೆ. ಬರಿಯ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಊರೂರು ಸುತ್ತುವ ಸಮೀಕ್ಷೆಗೆ ಅಷ್ಟು ಸಾಕು, ಉತ್ಖನನದ ಗುಂಡಿಗೆ ಸಾಲದು. ಅಲ್ಲಿ ಸೆಂಟಿಮೀಟರ್ ಲೆಕ್ಕದ ಆರ್‌ಟಿಕೆ ರಿಸೀವರನ್ನು ಬ್ಲೂಟೂತ್ ಮೂಲಕ ಜೋಡಿಸಿಕೊಳ್ಳಬೇಕು. ಗುಂಡಿಯ ಗೋಡೆಯ ಪದರಗಳನ್ನು ಪೆನ್ಸಿಲ್ಲಿನಲ್ಲಿ ಬಿಡಿಸುವ ತಂಡಗಳು ಆ ಹಾಳೆಯ ಫೋಟೊವನ್ನೂ ಅದೇ ದಾಖಲೆಗೆ ಸೇರಿಸಬಹುದು.