ನಾಗಾವಿಯ ಆರು ಭಂಡಾರಿಗರು

ನಮ್ಮಲ್ಲಿ ಗ್ರಂಥಾಲಯದ ಚರಿತ್ರೆ ಬರೆಯುವವರಿಗೆ ಒಂದು ರೂಢಿ ಇದೆ. ಮೊದಲು ಗ್ರೀಕರ ಅಲೆಕ್ಸಾಂಡ್ರಿಯಾ, ಆಮೇಲೆ “ನಮ್ಮಲ್ಲೂ ಅಂಥದ್ದಿತ್ತು” ಅಂತ ನಾಗಾವಿ. ಹೆಮ್ಮೆ ಇರಲಿ, ಆದರೆ ಈ ಹೋಲಿಕೆ ಶಾಸನ ಹೇಳುವ ಮುಖ್ಯ ಮಾತನ್ನೇ ಮುಚ್ಚಿಹಾಕುತ್ತೆ ಅನ್ನೋದು ನನ್ನ ತಕರಾರು.

ಉಕ್ಕಡಗಾತ್ರಿಯ ನಮಗೆ ಹತ್ತಿರದ ಶಾಸನಪಾಠ ಅಂದರೆ ಹರಿಹರೇಶ್ವರ ದೇವಸ್ಥಾನ. ಅಲ್ಲಿನ ಕಲ್ಲುಗಳನ್ನು ಓದುವವರು ಬೇಗ ಕಲಿಯುವ ಪಾಠ ಒಂದೇ: ಪ್ರಶಸ್ತಿ ಭಾಗ ಹೊಗಳುತ್ತೆ, ದತ್ತಿ ಭಾಗ ಲೆಕ್ಕ ಕೊಡುತ್ತೆ. ನಂಬಬೇಕಾದ್ದು ಲೆಕ್ಕವನ್ನು.

ಚಿತ್ತಾಪುರದ ಹತ್ತಿರದ ನಾಗಾವಿ ಶಾಸನವನ್ನೂ ಹಾಗೇ ಓದೋಣ. ಕಾಲ ಕ್ರಿ.ಶ. 1058, ಚಾಳುಕ್ಯ ಒಂದನೆಯ ಸೋಮೇಶ್ವರನ ಆಳ್ವಿಕೆ. ದಂಡನಾಯಕ ಮಧುಸೂದನನ ಘಟಿಕಾಸ್ಥಾನದಲ್ಲಿ ವೇದ ಓದುವವರು 200, ಶಾಸ್ತ್ರ ಓದುವವರು 52. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಇವರ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರು. ಪಾಠ ಹೇಳುವವರು ಎಷ್ಟೋ ಪುಸ್ತಕ ಕಾಯುವವರೂ ಅಷ್ಟೇ! ಪುಸ್ತಕ ಎಷ್ಟಿದ್ದವು ಅನ್ನುವ ಲೆಕ್ಕ ಮಾತ್ರ ಇಲ್ಲ.

ಅಲೆಕ್ಸಾಂಡ್ರಿಯಾದ ಕಥೆ ಇದಕ್ಕೆ ತಿರುಗುಮುರುಗು. ಸುಟ್ಟುಹೋದದ್ದೇ 40,000 ಅನ್ನುತ್ತಾನೆ ಸೆನೆಕಾ. ಗೆಲಿಯಸ್ ಸುಮಾರು 7,00,000ದವರೆಗೆ ಏರಿಸುತ್ತಾನೆ. ಇವರಿಬ್ಬರೂ ಬಹುಕಾಲದ ನಂತರ ಬರೆದವರು. ಇದು ಪ್ರಶಸ್ತಿ ಭಾಗ ಅನ್ನಿ. ನಿಜವಾದ ಕೆಲಸ ನಡೆದದ್ದು ಹೋಮರನ ಅನುಮಾನದ ಸಾಲುಗಳಿಗೆ ಗುರುತು ಹಾಕಿದ ಜೆನೊಡೋಟಸ್‌ನಿಂದ, ಗ್ರಂಥಕರ್ತರ ಪಟ್ಟಿಯನ್ನು 120 ಸುರುಳಿಗಳಲ್ಲಿ ಮಾಡಿದ ಕಲ್ಲಿಮಾಕಸ್‌ನಿಂದ.

ಹೋಲಿಸಲೇಬೇಕಾದರೆ ಕಲ್ಲಿಗೆ ಕಲ್ಲನ್ನೇ ಹೋಲಿಸೋಣ. ಅಥೆನ್ಸಿನ ಪಾಂಟೈನೋಸ್ ಗ್ರಂಥಾಲಯದ, ಸುಮಾರು ಕ್ರಿ.ಶ. 100ರ ಒಂದು ಸಣ್ಣ ಶಾಸನದಲ್ಲಿ ಎರಡೇ ನಿಯಮ: ಪುಸ್ತಕ ಹೊರಗೆ ಹೋಗಬಾರದು, ಅದಕ್ಕೆ ಆಣೆ ಮಾಡಿದ್ದೇವೆ, ಬಾಗಿಲು ತೆರೆದಿರುವುದು ಬೆಳಗಿನ ಮೊದಲ ತಾಸಿನಿಂದ ಆರನೆಯದರವರೆಗೆ. ಅಲ್ಲೂ ಪುಸ್ತಕದ ಸಂಖ್ಯೆ ಕೊರೆದಿಲ್ಲ. ಕೊರೆದದ್ದು ಕಾಯುವ ಕ್ರಮವನ್ನು.

ಭಂಡಾರಿಗ ಅನ್ನುವ ಪದಕ್ಕೆ ‘ಲೈಬ್ರರಿಯನ್’ ಅಂದುಬಿಟ್ಟರೆ ಅರ್ಥ ಸಣ್ಣದಾಗುತ್ತೆ. ಭಂಡಾರ ಅಂದರೆ ಬೊಕ್ಕಸ. ತಾಳೆಗರಿಗೆ ಹುಳ ಬೀಳುತ್ತೆ, ಅಂಚು ಮುರಿಯುತ್ತೆ, ಹಳೆಯದನ್ನು ಮತ್ತೆ ಪ್ರತಿ ಮಾಡಬೇಕು. ಈ ಆರು ಜನಕ್ಕೆ ಬೀಗದ ಕೈ ಹಿಡಿದು ಕೂರುವುದಷ್ಟೇ ಕೆಲಸ ಆಗಿರಲಾರದು ಅಂತ ನನ್ನ ಊಹೆ.

ಇವತ್ತು ಯಾವುದೋ ಅಟ್ಟದಲ್ಲಿ ತಾಳೆಗರಿ ಕಟ್ಟು ಸಿಕ್ಕರೆ ನಾವು ಫೋಟೋ ಹಾಕ್ತೀವಿ, ಎಷ್ಟು ಗರಿ ಅಂತ ಎಣಿಸ್ತೀವಿ, ಸುಮ್ಮನಾಗ್ತೀವಿ. ನಾಗಾವಿಯ ಕಲ್ಲು ಕೇಳುವ ಪ್ರಶ್ನೆ ಬೇರೆ: ಇದನ್ನು ಕಾಯುವವರು ಯಾರು, ಅವರ ಅನ್ನಕ್ಕೆ ದತ್ತಿ ಎಲ್ಲಿದೆ?