ಕಂಡದ್ದು, ಕೇಳಿದ್ದು: ವೆಸೂವಿಯಸ್ ಕುರಿತು ಪ್ಲಿನಿಯ ಎರಡು ಪತ್ರಗಳು

ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಸಿಡಿದಾಗ ಕಿರಿಯ ಪ್ಲಿನಿಗೆ 17 ವರ್ಷ. ಆ ದಿನಗಳ ಬಗ್ಗೆ ಅವನು ಬರೆದದ್ದು ಸುಮಾರು ಕಾಲು ಶತಮಾನ ಕಳೆದ ಮೇಲೆ, ಇತಿಹಾಸಕಾರ ಟ್ಯಾಸಿಟಸ್ ಕೇಳಿದನೆಂಬ ಕಾರಣಕ್ಕೆ. ಅವನ ಪತ್ರಸಂಗ್ರಹದ ಆರನೇ ಭಾಗದಲ್ಲಿ 16ನೆಯದಾಗಿ ಮತ್ತು 20ನೆಯದಾಗಿ ಬರುವ ಈ ಎರಡು ಪತ್ರಗಳನ್ನು ಒಂದೇ ಸಲ ಕೂತು ಓದಿ ಮುಗಿಸಬಹುದು. ಜ್ವಾಲಾಮುಖಿಯ ಸ್ಫೋಟವನ್ನು ಕಣ್ಣಾರೆ ಕಂಡವರು ವಿವರವಾಗಿ ಬರೆದದ್ದರಲ್ಲಿ ಇವಕ್ಕಿಂತ ಹಳೆಯದು ನಮಗೆ ಉಳಿದಿಲ್ಲ. ಮೊದಲನೆಯ ಪತ್ರಕ್ಕೆ ಬಂದ ಹೆಸರು ಎರಡನೆಯದಕ್ಕೆ ಬಂದಿಲ್ಲ. ಆದರೆ ಬರವಣಿಗೆಯಾಗಿಯೂ ಸಾಕ್ಷ್ಯವಾಗಿಯೂ ಎರಡನೆಯದೇ ಹೆಚ್ಚಿನದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಟ್ಯಾಸಿಟಸ್ ಕೇಳಿದ್ದು ಸ್ಫೋಟದ ಬಗ್ಗೆ ಅಲ್ಲ, ಒಂದು ಸಾವಿನ ಬಗ್ಗೆ. ಪ್ಲಿನಿಯ ಸೋದರಮಾವ ಹಿರಿಯ ಪ್ಲಿನಿ ಆಗ ನೇಪಲ್ಸ್ ಕೊಲ್ಲಿಯ ಪಶ್ಚಿಮದ ತುದಿಯಲ್ಲಿದ್ದ ಮಿಸೇನಂ ಬಂದರಿನಲ್ಲಿ ರೋಮನ್ ನೌಕಾಪಡೆಯ ಮುಖ್ಯಸ್ಥ. 37 ಸಂಪುಟಗಳ 'ನ್ಯಾಚುರಲ್ ಹಿಸ್ಟರಿ' ಬರೆದ ಮಹಾ ವಿದ್ವಾಂಸ. ಸ್ಫೋಟದ ಮರುದಿನ ಕೊಲ್ಲಿಯ ಆಚೆ ದಡದ ಸ್ಟೇಬಿಯೆಯಲ್ಲಿ ತೀರಿಕೊಂಡ. ಅವನ ಕೊನೆಯ ಗಳಿಗೆಗಳನ್ನು ತಿಳಿಸು ಎಂಬ ಕೋರಿಕೆಗೆ ಅಳಿಯ ಬರೆದ ಉತ್ತರವೇ ಮೊದಲ ಪತ್ರ.

ಈ ಪತ್ರದಲ್ಲಿ ಎರಡು ಬಗೆಯ ಬರಹ ಸೇರಿಕೊಂಡಿದೆ. ಮೊದಲ ಭಾಗ ಹುಡುಗ ತಾನೇ ಕಂಡದ್ದು. ಮಧ್ಯಾಹ್ನದ ಹೊತ್ತು, ಮಾವ ಊಟ ಮುಗಿಸಿ ಒರಗಿಕೊಂಡು ಓದುತ್ತಿದ್ದಾನೆ. ಅವನ ಸೋದರಿಯಾದ ಹುಡುಗನ ತಾಯಿ ವಿಚಿತ್ರ ಮೋಡವೊಂದನ್ನು ತೋರಿಸುತ್ತಾಳೆ. ಅದು ಯಾವ ಬೆಟ್ಟದಿಂದ ಏಳುತ್ತಿದೆ ಎಂದು ಅಷ್ಟು ದೂರದಿಂದ ಗೊತ್ತಾಗುತ್ತಿರಲಿಲ್ಲ, ವೆಸೂವಿಯಸ್ ಎಂದು ತಿಳಿದದ್ದು ಆಮೇಲೆ ಎಂದು ಪ್ಲಿನಿ ಹೇಳುತ್ತಾನೆ. ಬರೆಯುವ ಹೊತ್ತಿಗೆ ಎಲ್ಲ ಗೊತ್ತಿದ್ದರೂ ನೋಡುತ್ತಿದ್ದಾಗ ಗೊತ್ತಿರಲಿಲ್ಲ ಎಂಬುದನ್ನು ಅವನು ಅಳಿಸಿಹಾಕಿಲ್ಲ. ಮೋಡದ ಆಕಾರಕ್ಕೆ ಅವನು ಆರಿಸಿಕೊಂಡ ಹೋಲಿಕೆ ಆ ಕರಾವಳಿಯ ಪೈನ್ ಮರ: ಉದ್ದನೆಯ ಕಾಂಡ, ಮೇಲೆ ಕೊಡೆಯಂತೆ ಹರಡಿದ ಕೊಂಬೆಗಳು. ಅದು ಹಾಗೆ ಹರಡಿದ್ದೇಕೆ ಎಂಬುದಕ್ಕೆ ಎರಡು ಸಾಧ್ಯತೆ ಕೊಡುತ್ತಾನೆ. ಮೇಲಕ್ಕೆ ನೂಕಿದ ಗಾಳಿಯ ಬಲ ಕುಂದಿರಬಹುದು, ಇಲ್ಲವೇ ಮೋಡ ತನ್ನ ಭಾರಕ್ಕೇ ಸೋತು ಅಡ್ಡಕ್ಕೆ ಚಾಚಿರಬಹುದು. ಎರಡರಲ್ಲಿ ಒಂದನ್ನು ಆರಿಸುವ ಆತುರ ಅವನಿಗಿಲ್ಲ. ಬೂದಿ, ಮಣ್ಣು ಹೊತ್ತ ಕಡೆ ಬಣ್ಣ ಕೊಳೆಯಾಗಿಯೂ ಉಳಿದೆಡೆ ಬಿಳಿಯಾಗಿಯೂ ಕಂಡಿತು ಎಂಬುದನ್ನೂ ದಾಖಲಿಸುತ್ತಾನೆ. ಇಡೀ ಪತ್ರದ ಅತ್ಯುತ್ತಮ ಭಾಗ ಈ ಕೆಲವೇ ಸಾಲುಗಳು.

ಮಾವ ಹಡಗು ಹತ್ತಿದ ಮೇಲಿನದು ಕೇಳಿ ಬರೆದದ್ದು. ಹುಡುಗ ಜೊತೆಗೆ ಹೋಗಲಿಲ್ಲ. ಮಾವ ಬಾ ಎಂದರೂ ಓದು ಬರಹ ಇದೆಯೆಂದು ಮನೆಯಲ್ಲೇ ಉಳಿದ. ಇಲ್ಲಿಂದ ಬರಹದ ಧಾಟಿ ಬದಲಾಗುತ್ತದೆ. ಕುತೂಹಲದಿಂದ ಹೊರಟ ವಿದ್ವಾಂಸ, ಬೆಟ್ಟದ ಬುಡದಲ್ಲಿ ಸಿಕ್ಕಿಬಿದ್ದ ರೆಕ್ಟಿನಾ ಎಂಬಾಕೆಯ ಮೊರೆ ಕೇಳಿ ದೊಡ್ಡ ಹಡಗುಗಳನ್ನು ನೀರಿಗಿಳಿಸಿ ವೀರನಾಗುತ್ತಾನೆ. ಬಿಸಿ ಬೂದಿ ಬೀಳುತ್ತಿದ್ದರೂ ಕಂಡದ್ದನ್ನೆಲ್ಲ ಹೇಳಿ ಬರೆಸುತ್ತಾನೆ. ದಡ ಸೇರಲಾಗದೆ ಸ್ಟೇಬಿಯೆಗೆ ತಿರುಗಿ, ಅಲ್ಲಿ ಸ್ನೇಹಿತ ಪೊಂಪೊನಿಯಾನಸ್‌ನ ಮನೆಯಲ್ಲಿ ಸ್ನಾನ ಮಾಡಿ, ಉಂಡು, ಗೊರಕೆ ಹೊಡೆದು ನಿದ್ದೆ ಮಾಡುತ್ತಾನೆ. ಎಲ್ಲರೂ ತಲೆಗೆ ದಿಂಬು ಕಟ್ಟಿಕೊಂಡು ಹೊರಬಿದ್ದರು ಎಂಬಂಥ ವಿವರಗಳಿಗೆ ಬೆಲೆ ಕಟ್ಟಲಾಗದು. ಆದರೆ ಮಾವನ ಧೈರ್ಯಕ್ಕೆ ಎಲ್ಲಿಯೂ ಒಂದು ಗೀರೂ ಬೀಳದಂತೆ ಕಥೆಯನ್ನು ತಿದ್ದಿ ತೀಡಲಾಗಿದೆ. ನೋಡಿ: ಯಾರನ್ನು ಉಳಿಸಲೆಂದು ಹಡಗುಗಳು ಹೊರಟವೋ ಆ ರೆಕ್ಟಿನಾ ಏನಾದಳು? ಪತ್ರ ಹೇಳುವುದಿಲ್ಲ. ಹಡಗುಗಳು, ಅವುಗಳಲ್ಲಿದ್ದ ನಾವಿಕರು ಏನಾದರು? ಅದೂ ಇಲ್ಲ. ದಟ್ಟ ಹೊಗೆಗೆ ಉಸಿರು ಕಟ್ಟಿ ಮಾವ ಸತ್ತ ಎನ್ನುವ ಪ್ಲಿನಿಯೇ, ಉಳಿದವರು ಅಲ್ಲಿಂದ ಓಡಿದರು ಎಂದೂ ಬರೆಯುತ್ತಾನೆ. ಒಬ್ಬನನ್ನು ಕೊಂದ ಗಾಳಿಯಲ್ಲಿ ಇನ್ನೊಬ್ಬರು ಓಡಬಲ್ಲವರಾಗಿದ್ದರೆ, ಸ್ಥೂಲಕಾಯದ, ಉಸಿರಾಟದ ತೊಂದರೆಯಿದ್ದ ಆ ಮನುಷ್ಯನ ಸಾವಿಗೆ ಬೇರೆ ಕಾರಣವೂ ಇದ್ದಿರಬಹುದಲ್ಲವೇ? ಒಬ್ಬನ ಕೀರ್ತಿಗಾಗಿ ಬರೆದ ಕಥೆಯಲ್ಲಿ ಉಳಿದವರು ಕಳೆದುಹೋಗುತ್ತಾರೆ. ಈ ಪತ್ರದ ದೊಡ್ಡ ಕೊರತೆ ಇದು.

ಎರಡನೆಯ ಪತ್ರದಲ್ಲಿ ವೀರರಿಲ್ಲ. ಮಿಸೇನಂನ ಮನೆಯಲ್ಲಿ ಉಳಿದ ತಾಯಿ, ಮಗ ಮತ್ತು ಅವರ ಸುತ್ತಲಿನ ಗುಂಪು, ಅಷ್ಟೇ. ರಾತ್ರಿಯಿಡೀ ನೆಲ ನಡುಗುತ್ತಿದೆ. ಹುಡುಗ ಅಂಗಳದಲ್ಲಿ ಕೂತು ಇತಿಹಾಸಕಾರ ಲಿವಿಯ ಗ್ರಂಥ ಓದುತ್ತ ಟಿಪ್ಪಣಿ ಮಾಡಿಕೊಳ್ಳುತ್ತಾನೆ. ಅದನ್ನು ಧೈರ್ಯವೆನ್ನಬೇಕೋ ತಿಳಿಗೇಡಿತನವೆನ್ನಬೇಕೋ ತನಗೇ ತಿಳಿಯದು ಎನ್ನುತ್ತಾನೆ ಬರೆಯುತ್ತಿರುವ ಪ್ಲಿನಿ. ಬೆಳಗಾದ ಮೇಲೆ ಊರು ಬಿಟ್ಟು ಹೊರಟರೆ, ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿದ ಬಂಡಿಗಳು ಚಕ್ರಕ್ಕೆ ಕಲ್ಲು ಕೊಟ್ಟರೂ ಹಿಂದಕ್ಕೂ ಮುಂದಕ್ಕೂ ಹೊರಳುತ್ತಿವೆ. ಸಮುದ್ರ ಹಿಂದೆ ಸರಿದು ಜಲಚರಗಳು ಒಣ ಮರಳ ಮೇಲೆ ಬಿದ್ದಿವೆ. ಭೂಕಂಪದ ತೀವ್ರತೆಯನ್ನು ಅಳೆಯುವ ಯಾವ ಉಪಕರಣವೂ ಇಲ್ಲದ ಕಾಲದಲ್ಲಿ ಆ ಹೊರಳುವ ಬಂಡಿಗಳೇ ನಮಗೆ ಅಳತೆ.

ಆಮೇಲೆ ಕಪ್ಪು ಮೋಡ ಮೇಲೇರುವ ಬದಲು ನೆಲಕ್ಕಿಳಿಯುತ್ತದೆ, ಸಮುದ್ರವನ್ನು ಮುಚ್ಚುತ್ತ ಕ್ಯಾಪ್ರಿ ದ್ವೀಪವನ್ನು ಮರೆಮಾಡುತ್ತ ಇವರತ್ತ ಬರುತ್ತದೆ. ನನ್ನನ್ನು ಬಿಟ್ಟು ಓಡಿಹೋಗು ಎಂದು ತಾಯಿ ಅಂಗಲಾಚುತ್ತಾಳೆ. ಮಗ ಅವಳ ಕೈ ಹಿಡಿದು ಎಳೆದುಕೊಂಡೇ ನಡೆಯುತ್ತಾನೆ. ಕತ್ತಲು ಕವಿದಾಗ ಅವನು ಕಿವಿಗೊಡುವುದು ಜನರ ದನಿಗೆ. ಗಂಡಸರು, ಹೆಂಗಸರು, ಮಕ್ಕಳು ತಮ್ಮವರನ್ನು ದನಿಯಿಂದಲೇ ಹುಡುಕುತ್ತಾರೆ. ಸಾವಿನ ಭಯಕ್ಕೆ ಸಾವನ್ನೇ ಬೇಡುವವರಿದ್ದಾರೆ. ದೇವರುಗಳೇ ಉಳಿದಿಲ್ಲ ಎನ್ನುವವರಿದ್ದಾರೆ. ತಾನು ಒಮ್ಮೆಯೂ ನರಳಲಿಲ್ಲ ಎಂದು ಹೆಮ್ಮೆಪಡಬಹುದಿತ್ತು, ಆದರೆ ತನ್ನೊಂದಿಗೆ ಲೋಕವೇ ಮುಗಿಯುತ್ತಿದೆ ಎಂಬ ನಂಬಿಕೆಯೇ ತನಗೆ ಆಗ ಸಮಾಧಾನವಾಗಿತ್ತು ಎಂದು ಅವನು ಒಪ್ಪಿಕೊಳ್ಳುತ್ತಾನೆ. ಮನುಷ್ಯನ ಮನಸ್ಸಿನ ಬಗ್ಗೆ ಇಷ್ಟು ನೇರವಾದ ಮಾತು ಮೊದಲ ಪತ್ರದಲ್ಲಿ ಎಲ್ಲಿಯೂ ಇಲ್ಲ. ಇಂಥ ಪತ್ರವನ್ನು ಇತಿಹಾಸಕ್ಕೆ ತಕ್ಕದ್ದಲ್ಲವೆಂದು ಪ್ಲಿನಿಯೇ ಕೊನೆಯಲ್ಲಿ ಬದಿಗಿಡುತ್ತಾನೆ. ತನ್ನ ಬರಹದ ಬಗ್ಗೆ ಅವನು ಕೊಟ್ಟ ಈ ತೀರ್ಪನ್ನು ನಾವು ಒಪ್ಪಬೇಕಿಲ್ಲ.

ವಿಜ್ಞಾನವೂ ಒಪ್ಪಿಲ್ಲ. ಬೂದಿ ಮತ್ತು ಅನಿಲದ ಕಂಬ ಹತ್ತಾರು ಕಿಲೋಮೀಟರ್ ಎತ್ತರಕ್ಕೆ ನುಗ್ಗುವ ಸ್ಫೋಟಗಳನ್ನು ಇಂದಿಗೂ ಪ್ಲಿನಿಯನ್ ಎಂದೇ ಕರೆಯುತ್ತಾರೆ. 1991ರಲ್ಲಿ ಫಿಲಿಪೀನ್ಸ್‌ನ ಪಿನಟೂಬೊ ಸಿಡಿದದ್ದು ಹಾಗೆ. ಆದರೆ ನೆಲಕ್ಕಿಳಿದು ಹರಿಯುವ ಮೋಡ ಏನೆಂದು ಅರ್ಥವಾಗಲು ಬಹಳ ಕಾಲ ಬೇಕಾಯಿತು. 1902ರಲ್ಲಿ ಕೆರಿಬಿಯನ್‌ನ ಮಾರ್ಟಿನಿಕ್ ದ್ವೀಪದಲ್ಲಿ ಪೆಲೆ ಪರ್ವತ ಸಿಡಿದು, ಸೇಂಟ್ ಪಿಯರ್ ಪಟ್ಟಣ ನಿಮಿಷಗಳಲ್ಲಿ ನಾಶವಾಗಿ ಸುಮಾರು 28,000 ಜನ ಸತ್ತರು. ಫ್ರೆಂಚ್ ಭೂವಿಜ್ಞಾನಿ ಆಲ್ಫ್ರೆಡ್ ಲಕ್ರುವಾ ಆ ಉರಿಮೋಡವನ್ನು ಅಧ್ಯಯನ ಮಾಡಿದ ಮೇಲೆ, ಕಾದ ಬೂದಿ ಮತ್ತು ಅನಿಲ ನೆಲಕ್ಕಂಟಿಕೊಂಡು ಬಿರುಗಾಳಿಯ ವೇಗದಲ್ಲಿ ಧಾವಿಸಬಲ್ಲವು ಎಂಬುದು ಸ್ಪಷ್ಟವಾಯಿತು. 1982ರಲ್ಲಿ ಜ್ವಾಲಾಮುಖಿ ವಿಜ್ಞಾನಿ ಹರಾಲ್ಡುರ್ ಸಿಗುರ್ಡ್‌ಸನ್ ಮತ್ತು ಸಂಗಡಿಗರು ವೆಸೂವಿಯಸ್‌ನ ಬೂದಿಯ ಪದರಗಳನ್ನು ಈ ಪತ್ರಗಳ ಜೊತೆ ಹೊಂದಿಸಿ ಆ ದಿನಗಳ ಘಟನಾಕ್ರಮವನ್ನು ಪುನರ್ರಚಿಸಿದರು. ಮೊದಲು ಎತ್ತರದ ಕಂಬ, ಅದರಿಂದ ಪ್ಯೂಮಿಸ್ ಕಲ್ಲಿನ ಮಳೆ. ಆಮೇಲೆ ಕುಸಿದ ಕಂಬದಿಂದ ಹರಿದ ಉರಿಮೋಡ. ಕಾರಣ ತಿಳಿಯದಿದ್ದರೂ ಕ್ರಮ ತಪ್ಪದಂತೆ ಬರೆದನಲ್ಲ, ಅದೇ ಪ್ಲಿನಿಯ ಸಾಧನೆ.

ಎರಡೂ ಪತ್ರಗಳ ಮೇಲಿರುವ ಒಂದು ಆಕ್ಷೇಪ ಮಾತ್ರ ಉಳಿಯುತ್ತದೆ. ಆ ಸ್ಫೋಟದಲ್ಲಿ ಹೂತುಹೋದ ಪಾಂಪೆ, ಹರ್ಕ್ಯುಲೇನಿಯಂ ಊರುಗಳ ಹೆಸರುಗಳು ಇವುಗಳಲ್ಲಿ ಒಮ್ಮೆಯೂ ಬರುವುದಿಲ್ಲ. ಹರ್ಕ್ಯುಲೇನಿಯಂನ ಕಡಲತಡಿಯ ದೋಣಿಮನೆಗಳಲ್ಲಿ 1980ರಿಂದೀಚೆಗೆ ಸುಮಾರು 300 ಜನರ ಅಸ್ಥಿಪಂಜರಗಳು ಸಿಕ್ಕಿವೆ. ದೋಣಿಗಾಗಿ ಕಾದವರು ಅವರು. ಟ್ಯಾಸಿಟಸ್ ಕೇಳಿದ್ದು ಒಬ್ಬನ ಸಾವಿನ ಕಥೆಯನ್ನು ಎಂಬ ಸಮರ್ಥನೆ ಮೊದಲ ಪತ್ರಕ್ಕೆ ಸಲ್ಲಬಹುದು. ತಾನು ಪಟ್ಟ ಪಾಡನ್ನು ಬರೆಯಲು ಸ್ವಾತಂತ್ರ್ಯವಿದ್ದ ಎರಡನೆಯದರಲ್ಲೂ ಅವನು ಆ ಊರುಗಳತ್ತ ತಿರುಗಿ ನೋಡಲಿಲ್ಲ. ತಾನು ಕಂಡಲ್ಲಿಗೆ ಬರಹವನ್ನು ನಿಲ್ಲಿಸಿದ್ದು ಅವನ ಪ್ರಾಮಾಣಿಕತೆಯೂ ಹೌದು, ಮಿತಿಯೂ ಹೌದು. ದಿನಾಂಕದ ವಿಷಯದಲ್ಲೂ ಎಚ್ಚರ ಬೇಕು. ಹಸ್ತಪ್ರತಿಗಳಿಂದ ಬಂದ ಆಗಸ್ಟ್ 24ನ್ನು ಶತಮಾನಗಳ ಕಾಲ ನಂಬಲಾಗಿತ್ತು. 2018ರಲ್ಲಿ ಪಾಂಪೆಯ ಗೋಡೆಯೊಂದರ ಮೇಲೆ ಇದ್ದಿಲಿನಲ್ಲಿ ಬರೆದ ಅಕ್ಟೋಬರ್ ತಿಂಗಳ ದಿನಾಂಕ ಸಿಕ್ಕ ಮೇಲೆ ಹಲವರು ಅಕ್ಟೋಬರ್ ಕಡೆಗೆ ವಾಲಿದ್ದಾರೆ. ಆ ಚರ್ಚೆ ಇನ್ನೂ ಮುಗಿದಿಲ್ಲ.

ಕಂಡವರ ಬರಹ ಏಕೆ ಬೇಕು ಎಂಬುದು ನಮ್ಮ ನೆಲವನ್ನೇ ನೋಡಿದರೆ ತಿಳಿಯುತ್ತದೆ. ಬೀದರ್, ವಿಜಯಪುರ, ಬೆಳಗಾವಿಯ ಕಪ್ಪು ಬಂಡೆಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದ ಆದವು. ವೆಸೂವಿಯಸ್ ಸ್ಫೋಟ ಅದರೆದುರು ತೀರ ಸಣ್ಣದು. ಆ ಲಾವಾದ ಪ್ರಮಾಣವನ್ನು, ವಯಸ್ಸನ್ನು ಕಲ್ಲು ಹೇಳುತ್ತದೆ. ಅದು ಹರಿದಾಗ ಏನಾಯಿತೆಂದು ಕಂಡು ಹೇಳಲು ಮನುಷ್ಯರೇ ಇರಲಿಲ್ಲ. ಸ್ಫೋಟವೊಂದು ಜನರ ನಡುವೆ ಹೇಗೆ ನಡೆಯಿತು, ಅವರು ಏನು ಹಿಡಿದುಕೊಂಡು ಓಡಿದರು, ಕತ್ತಲಲ್ಲಿ ಯಾರನ್ನು ಕರೆದರು ಎಂಬುದು ಕಂಡವರ ಬರಹದಿಂದ ಮಾತ್ರ ತಿಳಿಯುತ್ತದೆ. ಆ ಕೆಲಸವನ್ನು ಪ್ಲಿನಿಯ ಎರಡನೆಯ ಪತ್ರ ಮೊದಲನೆಯದಕ್ಕಿಂತ ಚೆನ್ನಾಗಿ ಮಾಡುತ್ತದೆ. ಇಂದು ನೆರೆಯನ್ನೋ ಭೂಕುಸಿತವನ್ನೋ ವರದಿ ಮಾಡುವವರು ಮಾದರಿಯೊಂದನ್ನು ಹುಡುಕುವುದಾದರೆ, ಮಾವನ ವೀರಗಾಥೆಯನ್ನು ಪಕ್ಕಕ್ಕಿಟ್ಟು ತಾಯಿ ಮಗ ನಡೆದ ಆ ದಾರಿಯ ಪುಟಗಳನ್ನು ಓದಬೇಕು. ಕಂಡದ್ದನ್ನು ಕಂಡ ಕ್ರಮದಲ್ಲಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿಕೊಂಡು ಬರೆಯುವುದನ್ನು ಅವು ಕಲಿಸುತ್ತವೆ.